ಬಾನಿನಿಂದ ಕಂಡ ಬಾನುಲಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ಮಾತನಾಡಲು ಎದ್ದು ನಿಂತನೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಹೇಳುವನೆಂದು ತಾವು ಎದುರುನೋಡುವುದು ಸಹಜ. ಈ ಸಲ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ದೂರದೇಶಗಳ ರೇಡಿಯೋ ನಿಲಯಗಳನ್ನು ಆಕಾಶದಿಂದ ತೆಗೆದ ಚಿತ್ರಗಳ ಮೂಲಕ ಅರಿಯುವುದು ಹೇಗೆ ಎಂಬುದೇ ಆ ವಿಷಯ. ಇದು ನಮಗೆ ಹೊಳೆದುದು ತರಗತಿಯಲ್ಲಿ. ಕಂಸನಿಗೆ ಕೇಳಿಸಿದ ಅಶರೀರವಾಣಿಯ ಪ್ರಸಂಗವನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಅಶರೀರವಾಣಿ ಎಂದರೆ ರೇಡಿಯೋ ತಾನೆ, ಸಾರ್?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಮನೆಗೆ ಹೋಗುವಾಗ ಆ ಪ್ರಶ್ನೆ ನಮ್ಮ ಬೆನ್ನು ಹತ್ತಿತು. ರೇಡಿಯೋವಿನ ವಾಣಿಗೆ ಶರೀರವಿಲ್ಲವೆ? ಇದೆ. ಎಲ್ಲೋ ಒಂದು ಬಯಲಿನಲ್ಲಿ ಕಂಬಗಳು, ತಂತಿಗಳು, ಯಂತ್ರಶಾಲೆ, ಅದನ್ನು ಕಾಯುವ ಜನ, ಎಲ್ಲವೂ ಉಂಟು. ನಾವು ಕೇಳುವವರು ಮಾತ್ರ ಆ ಶರೀರವನ್ನು ಕಂಡವರಲ್ಲ.

ನಮ್ಮ ಸೀಮೆಗೂ ಈ ವಾಣಿಗೂ ಹಳೆಯ ನಂಟುಂಟು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಮೈಸೂರಿನ ಆ ನಿಲಯಕ್ಕೆ ಒದಗಿದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ದೇಶದ ಬಾನುಲಿ ಸಂಸ್ಥೆಯೇ ತನ್ನದಾಗಿಸಿಕೊಂಡಿತು. ಆ ಕಾಲಕ್ಕೆ ನಮ್ಮ ತಾಳವಾಡಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ರಾಜ್ಯಗಳನ್ನು ಭಾಷೆಗನುಸಾರವಾಗಿ ವಿಂಗಡಿಸಿದಾಗಲೂ ಗಡಿಯ ಗೆರೆ ನಮ್ಮ ಊರುಗಳ ಆಚೆಯೇ ಉಳಿಯಿತು. ಕಾಗದಗಳಿಗೆ ಗೆರೆಯ ನಿರ್ಬಂಧವಿತ್ತು, ಧ್ವನಿಗೆ ಇರಲಿಲ್ಲ. ಯಾವ ತಪಾಸಣೆಯ ಠಾಣೆಯಲ್ಲೂ ನಿಲ್ಲದೆ, ಕನ್ನಡದ ಮಾತು ಸಂಜೆಯ ಹೊತ್ತಿಗೆ ನಮ್ಮ ಹಜಾರಗಳನ್ನು ತಲುಪುತ್ತಿತ್ತು.

ಅದರ ಜೊತೆಯಲ್ಲಿಯೇ ಪರದೇಶದ ದನಿಗಳೂ ಬಂದವು. ಹಿರಿಯರ ಮನೆಗಳಲ್ಲಿದ್ದ ರೇಡಿಯೋವಿನ ಮುಖದ ಮೇಲೆ 25, 31, 41, 49 ಎಂಬ ಅಂಕಿಗಳನ್ನು ತಾವು ನೋಡಿರಬಹುದು. ಅವು ಶಾರ್ಟ್‌ವೇವ್ ಅಲೆಗಳ ಉದ್ದವನ್ನು ಮೀಟರುಗಳಲ್ಲಿ ತಿಳಿಸುವ ಅಂಕಿಗಳು. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ಸಿಲೋನ್, ಇನ್ನಷ್ಟು ಸರಿಸಿದರೆ ಲಂಡನ್, ವಾಷಿಂಗ್‌ಟನ್, ಮಾಸ್ಕೋ, ಪೀಕಿಂಗ್. ಸಿಲೋನಿನಿಂದ ಕನ್ನಡ ಚಿತ್ರಗೀತೆಗಳೂ ಕೇಳಿಬಂದುದುಂಟು. ಮಾತನಾಡುವವನು ‘ಇದು ಲಂಡನ್’ ಎಂದರೆ ನಾವು ನಂಬುತ್ತಿದ್ದೆವು. ನಂಬದಿರಲು ನಮ್ಮ ಬಳಿ ಯಾವ ಸಾಧನವೂ ಇರಲಿಲ್ಲ. ಈಗ ಒಂದು ಸಾಧನ ದೊರೆತಿದೆ. ಅದೇ ಆಕಾಶದ ಚಿತ್ರ.

ಈ ವಿದ್ಯೆ ಹುಟ್ಟಿ ಬೆಳೆದುದು ಯುದ್ಧಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ, ಫ್ರಾನ್ಸಿನ ಕರಾವಳಿಯಲ್ಲಿ ಜರ್ಮನರು ವಿಮಾನಗಳನ್ನು ದೂರದಿಂದಲೇ ಪತ್ತೆಹಚ್ಚುವ ರೇಡಿಯೋ ಯಂತ್ರಗಳನ್ನು ಇಟ್ಟಿರುವರೆಂಬ ಸಂದೇಹ ಬ್ರಿಟಿಷರಿಗೆ ಬಂದಿತು. 1941ರಲ್ಲಿ ಓಡರ್ವಿಲ್ ಎಂಬ ಹಳ್ಳಿಯ ಮೇಲಿಂದ ತೆಗೆದ ಚಿತ್ರಗಳಲ್ಲಿ ಎರಡು ಸಣ್ಣ ವೃತ್ತಗಳು ಕಂಡವು. ಕೆಲವೇ ಕ್ಷಣಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಅಳೆದು ನೋಡಿದಾಗ ವೃತ್ತದ ನಡುವಿನ ವಸ್ತುವಿನ ನೆರಳು ಎಳ್ಳಿಗಿಂತಲೂ ಕಡಿಮೆಯಷ್ಟು ಬದಲಾಗಿತ್ತು. ನೆರಳು ಬದಲಾಯಿತೆಂದರೆ ವಸ್ತು ತಿರುಗುತ್ತಿದೆ. ತಿರುಗುತ್ತಿದೆಯೆಂದರೆ ಅದು ಏನನ್ನೋ ಹುಡುಕುತ್ತಿದೆ. ಆರ್. ವಿ. ಜೋನ್ಸ್ ಎಂಬ ಭೌತವಿಜ್ಞಾನಿ ಇಂತಹ ಸುಳಿವುಗಳನ್ನು ಕೂಡಿಸಿ ಅರ್ಥ ಹಚ್ಚುವುದರಲ್ಲಿ ಮುಂದಾಳಾಗಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಟೋನಿ ಹಿಲ್ ಎಂಬ ವೈಮಾನಿಕನು ಬ್ರೂನೆವಾಲ್ ಎಂಬಲ್ಲಿ ಬಹಳ ತಗ್ಗಿನಲ್ಲಿ ಹಾರಿ ಬೋಗುಣಿಯಾಕಾರದ ಒಂದು ಏರಿಯಲನ್ನು ಚಿತ್ರದಲ್ಲಿ ಸೆರೆಹಿಡಿದನು. 1942ರ ಫೆಬ್ರವರಿಯ ಒಂದು ರಾತ್ರಿ ಸೈನಿಕರು ಅಲ್ಲಿಗೆ ಇಳಿದು ಆ ಯಂತ್ರದ ಭಾಗಗಳನ್ನು ಕಳಚಿ ತಂದರು.

ಅಲ್ಲಿಂದ ಮುಂದೆ ಕಣ್ಣು ಇನ್ನೂ ಎತ್ತರಕ್ಕೆ ಏರಿತು. 1960ರ ಆಗಸ್ಟಿನಲ್ಲಿ ಅಮೆರಿಕದ ‘ಕೊರೋನಾ’ ಉಪಗ್ರಹದಿಂದ ಕೆಳಗಿಳಿದ ಫಿಲ್ಮಿನ ಪೆಟ್ಟಿಗೆಯನ್ನು ವಿಮಾನವೊಂದು ನಡು ಆಕಾಶದಲ್ಲಿಯೇ ಹಿಡಿದುಕೊಂಡಿತು. ಮೊದಮೊದಲು ಆ ಚಿತ್ರಗಳಲ್ಲಿ ಸುಮಾರು 12 ಮೀಟರಿಗಿಂತ ಚಿಕ್ಕ ವಸ್ತುಗಳು ತೋರುತ್ತಿರಲಿಲ್ಲ. ಕಾಲಕ್ರಮದಲ್ಲಿ ಅದು 2 ಮೀಟರಿನವರೆಗೆ ಸ್ಪಷ್ಟವಾಯಿತು. ಗುಪ್ತವಾಗಿದ್ದ 8 ಲಕ್ಷಕ್ಕೂ ಮಿಕ್ಕ ಚಿತ್ರಗಳನ್ನು 1995ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. 2005ರಲ್ಲಿ ಗೂಗಲ್ ಅರ್ಥ್, 2009ರಲ್ಲಿ ನಮ್ಮ ಇಸ್ರೋ ಸಂಸ್ಥೆಯ ‘ಭುವನ್’ ಬಂದ ಮೇಲೆ ಅಂದು ಸೇನಾಪತಿಗಳಿಗೆ ಮಾತ್ರ ಲಭ್ಯವಿದ್ದ ನೋಟವು ಇಂದು ನಮ್ಮ ಶಾಲೆಯ ಹುಡುಗನ ಅಂಗೈಯಲ್ಲಿದೆ. ಆದರೆ ನೋಟ ಸಿಕ್ಕಿತೆಂದ ಮಾತ್ರಕ್ಕೆ ಓದು ಬಾರದು. ಅಕ್ಷರ ಕಂಡವರೆಲ್ಲ ಹಳಗನ್ನಡವನ್ನು ಓದಬಲ್ಲರೆ? ಇದಕ್ಕೂ ವ್ಯಾಕರಣವುಂಟು.

ಆ ವ್ಯಾಕರಣದ ಮೊದಲ ಸೂತ್ರ ನೆರಳು. ಮೇಲಿನಿಂದ ನೋಡಿದಾಗ ಎತ್ತರವಾದ ಕಂಬವೂ ಬರಿಯ ಚುಕ್ಕೆಯೇ. ಅದರ ಎತ್ತರವನ್ನು ಹೇಳುವುದು ನೆಲದ ಮೇಲೆ ಚಾಚಿದ ನೆರಳು. ಒಂದೇ ಚಿತ್ರದಲ್ಲಿ 6 ಮೀಟರ್ ಎತ್ತರದ ಕಟ್ಟಡದ ನೆರಳು 4 ಮೀಟರ್ ಇದ್ದು, ಕಂಬದ ನೆರಳು 60 ಮೀಟರ್ ಇದ್ದರೆ ಕಂಬದ ಎತ್ತರ 90 ಮೀಟರ್ ಎಂದು ಏಳನೆಯ ತರಗತಿಯ ಮಕ್ಕಳೂ ಲೆಕ್ಕ ಹಾಕಬಲ್ಲರು. ನಾವು ಈ ಪಾಠವನ್ನು ಶಾಲೆಯ ಧ್ವಜಸ್ತಂಭದ ನೆರಳನ್ನು ದಾರದಿಂದ ಅಳೆಸಿ ಕಲಿಸಿದೆವು.

ಎರಡನೆಯ ಸೂತ್ರ ಕಂಬಗಳ ಜೋಡಣೆ. ದೂರದೇಶಕ್ಕೆ ನುಡಿಯುವ ಶಾರ್ಟ್‌ವೇವ್ ನಿಲಯಗಳಲ್ಲಿ ಎರಡು ಎತ್ತರದ ಗೋಪುರಗಳ ನಡುವೆ ತಂತಿಗಳನ್ನು ಸಾಲುಸಾಲಾಗಿ, ಪರದೆಯಂತೆ ತೂಗುಬಿಟ್ಟಿರುತ್ತಾರೆ. ಅದರ ಹಿಂದೆ ಇನ್ನೊಂದು ತಂತಿಯ ಪರದೆ. ಅದು ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಗೋಪುರಗಳ ಸಾಲು ಯಾವ ಕಡೆಗೆ ಓಡುತ್ತದೆಯೋ ಆ ಕಡೆಗೇ ನಿಲಯವು ನುಡಿಯುತ್ತದೆಂದು ನಾವು ಮೊದಲು ತಿಳಿದಿದ್ದೆವು. ಅದು ತಪ್ಪು. ಮೊರವನ್ನು ನೆನೆಯಿರಿ. ಕೇರುವಾಗ ಹೊಟ್ಟು ಹಾರುವುದು ಮೊರದ ಅಗಲದ ಉದ್ದಕ್ಕೆ ಅಲ್ಲ, ಮೊರದ ಬಾಯಿಯ ಮುಂದಕ್ಕೆ. ಹಾಗೆಯೇ ಗೋಪುರಗಳ ಸಾಲಿಗೆ ಅಡ್ಡವಾಗಿ ಒಂದು ಗೆರೆಯೆಳೆದು, ಅದನ್ನು ಭೂಗೋಳದ ಮೇಲೆ ದಾರವಿಟ್ಟು ಮುಂದುವರಿಸಿದರೆ, ಆ ನಿಲಯವು ಯಾವ ನಾಡಿನವರನ್ನು ಉದ್ದೇಶಿಸಿದೆ ಎಂಬುದು ಗೋಚರಿಸುತ್ತದೆ. ಯಂತ್ರದ ಉಪಾಯದಿಂದ ಅಲೆಯನ್ನು ಎಡಕ್ಕೂ ಬಲಕ್ಕೂ ಒಂದಿಷ್ಟು ವಾಲಿಸುವುದುಂಟು. ಆದುದರಿಂದ ದಾರದ ಇಕ್ಕೆಲವನ್ನೂ ನೋಡಬೇಕು.

ಮೂರನೆಯದು ಗೋಪುರಗಳ ನಡುವಣ ದೂರ. ಪರದೆಯ ಒಂದೊಂದು ತಂತಿಯೂ ಅಲೆಯ ಉದ್ದದ ಅರ್ಧದಷ್ಟು ಇರುವುದು ವಾಡಿಕೆ. 25 ಮೀಟರ್ ಅಲೆಗೆ ಹನ್ನೆರಡೂವರೆ ಮೀಟರ್. 49 ಮೀಟರ್ ಅಲೆಗೆ ಇಪ್ಪತ್ತನಾಲ್ಕೂವರೆ ಮೀಟರ್. ಅಂತಹ ನಾಲ್ಕು ತಂತಿಗಳನ್ನು ಪಕ್ಕಪಕ್ಕದಲ್ಲಿ ತೂಗಿದರೆ ಮೊದಲನೆಯದಕ್ಕೆ ಸುಮಾರು 50 ಮೀಟರ್, ಎರಡನೆಯದಕ್ಕೆ ಸುಮಾರು 100 ಮೀಟರ್ ಸ್ಥಳ ಬೇಕು. ಚಿಕ್ಕ ಅಲೆಗಳು ಹಗಲಿಗೆ ಒಗ್ಗುತ್ತವೆ, ದೊಡ್ಡವು ರಾತ್ರಿಗೆ. ಹೀಗೆ ಎರಡು ಚುಕ್ಕೆಗಳ ನಡುವಣ ಅಂತರವೇ, ಆ ನಿಲಯವು ಕೇಳುಗನೊಡನೆ ಹಗಲು ಮಾತನಾಡಿತೋ ರಾತ್ರಿ ಮಾತನಾಡಿತೋ ಎಂಬುದನ್ನು ಬಹುಮಟ್ಟಿಗೆ ಸೂಚಿಸುತ್ತದೆ.

ಮಧ್ಯಮ ತರಂಗದ ನಿಲಯವಾದರೆ ಪರದೆಯಿಲ್ಲ. ಒಂಟಿಗೋಪುರವೇ ಏರಿಯಲ್ಲು; ಅದರ ಬುಡದಿಂದ ಗಾಡಿಯ ಚಕ್ರದ ಅರೆಕಾಲುಗಳಂತೆ ತಾಮ್ರದ ತಂತಿಗಳನ್ನು ನೆಲದೊಳಗೆ ಹೂಳಿರುತ್ತಾರೆ. ಅತಿ ದೀರ್ಘ ತರಂಗಗಳದು ಬೇರೆಯೇ ಲೋಕ. ಆಸ್ಟ್ರೇಲಿಯದ ವಾಯವ್ಯ ಭೂಶಿರದಲ್ಲಿ 1967ರಲ್ಲಿ ಆರಂಭವಾದ ನೌಕಾನಿಲಯದಲ್ಲಿ 13 ಗೋಪುರಗಳಿವೆ. ನಡುವಿನದು 387 ಮೀಟರ್ ಎತ್ತರ. ಮಿಕ್ಕವು ಅದರ ಸುತ್ತ ಎರಡು ಸುತ್ತುಗಳಲ್ಲಿ ನಿಂತು, ಮೇಲಿನಿಂದ ಆರೆಸಳಿನ ಹೂವಿನಂತೆ ತೋರುತ್ತವೆ. ಅದರ ಅಲೆಯ ಉದ್ದ ಸುಮಾರು 15 ಕಿಲೋಮೀಟರ್. ಅದು ಹಾಡು ಹೇಳುವ ನಿಲಯವಲ್ಲ. ಸಮುದ್ರದೊಳಗೆ ಮುಳುಗಿ ಸಾಗುವ ಹಡಗುಗಳಿಗೆ ಸಂಕೇತ ಕಳುಹಿಸುವ ನಿಲಯ. ಆಕಾರವನ್ನು ಕಂಡೇ ಇಷ್ಟನ್ನು ಊಹಿಸಬಹುದು.

ಈ ಸೂತ್ರಗಳನ್ನು ಹಿಡಿದು ನಮ್ಮ ಹಳೆಯ ದನಿಗಳನ್ನು ಹುಡುಕಿದರೆ ಅಚ್ಚರಿಗಳು ಕಾದಿರುತ್ತವೆ. ‘ಇದು ಲಂಡನ್’ ಎಂದು ಕೇಳಿದ ಮಾತು ನಮ್ಮ ಕಡೆಗೆ ಲಂಡನ್ನಿನಿಂದಲೇ ನೇರವಾಗಿ ಹಾರಿ ಬರಬೇಕೆಂಬ ನಿಯಮವಿರಲಿಲ್ಲ. ಬಿಬಿಸಿಯು ನಮ್ಮ ಭಾಗದ ದೇಶಗಳಿಗಾಗಿ ಅರಬ್ಬೀ ಸಮುದ್ರದ ಆಚೆ ಓಮಾನ್ ದೇಶದಲ್ಲಿ ಗೋಪುರಗಳನ್ನು ನಿಲ್ಲಿಸಿತ್ತು: ಮೊದಲು ಮಸೀರಾ ದ್ವೀಪದಲ್ಲಿ, 2002ರ ಬಳಿಕ ಆ ದೇಶದ ಕರಾವಳಿಯ ಆಸೀಲಾದಲ್ಲಿ. ಜರ್ಮನಿಯ ‘ಡಾಯ್ಚ ವೆಲ್ಲ’ ಸಂಸ್ಥೆಗೆ ಶ್ರೀಲಂಕೆಯ ತಿರುಕೋಣಮಲೆಯಲ್ಲಿ ನಿಲಯವಿತ್ತು. 2013ರಲ್ಲಿ ಅದನ್ನು ಶ್ರೀಲಂಕೆಗೆ ಬಿಟ್ಟುಕೊಟ್ಟರು. ‘ವಾಯ್ಸ್ ಆಫ್ ಅಮೆರಿಕ’ ಕೂಡ ಅದೇ ದ್ವೀಪದ ಪಶ್ಚಿಮ ಕರಾವಳಿಯ ಇರಣವಿಲದಲ್ಲಿ ನಿಲಯವನ್ನು ನಡೆಸಿ ಮುಚ್ಚಿತು. ಹೇಳುವವನು ಹೇಳುವ ಊರು ಒಂದು, ಕಂಬ ನಿಂತ ಊರು ಇನ್ನೊಂದು. ಇದರಲ್ಲಿ ಮೋಸವೇನೂ ಇಲ್ಲ. ಆದರೂ ಮಾತು ಎಲ್ಲಿಂದ ಬರುತ್ತಿದೆ, ಯಾರ ಹಣದಿಂದ, ಯಾರ ಕಡೆಗೆ ಬರುತ್ತಿದೆ ಎಂದು ಕೇಳುವ ಅಭ್ಯಾಸ ಕೇಳುಗನಿಗೆ ಇರಬೇಕಾದುದು. ಇಂದು ಫೋನಿನಲ್ಲಿ ದಿನವೂ ನೂರು ಅಶರೀರವಾಣಿಗಳನ್ನು ಕೇಳುವ ನಮ್ಮ ಮಕ್ಕಳಿಗಂತೂ ಅದು ಎಂದಿಗಿಂತ ಹೆಚ್ಚಾಗಿ ಬೇಕಾಗಿದೆ.

ಸಿಲೋನಿನ ವಿಷಯ ನಮ್ಮೂರಿಗೆ ಇನ್ನೂ ಹತ್ತಿರದ್ದು. ಬ್ರಿಟಿಷರು ತಮ್ಮ ಸೈನಿಕರ ಮನರಂಜನೆಗಾಗಿ ಕೊಲಂಬೋ ಬಳಿಯ ಏಕಲದಲ್ಲಿ 100 ಕಿಲೋವ್ಯಾಟ್ ಬಲದ ಶಾರ್ಟ್‌ವೇವ್ ಪ್ರಸಾರಯಂತ್ರವನ್ನು ಸ್ಥಾಪಿಸಿದ್ದರು. ಅದು ಮುಂದೆ ರೇಡಿಯೋ ಸಿಲೋನಿನ ಪಾಲಿಗೆ ಬಂದಿತು. ಒಂದು ದಿನ ನಾವು ಭೂಗೋಳದ ಮೇಲೆ ಏಕಲದಿಂದ ಮುಂಬಯಿಗೆ ದಾರವನ್ನು ಎಳೆದು ಹಿಡಿಯಲು ಮಕ್ಕಳಿಗೆ ಹೇಳಿದೆವು. ದಾರ ಎಲ್ಲಿ ಹಾದಿತು ಬಲ್ಲಿರಾ? ನಮ್ಮ ತಾಳವಾಡಿ ಬೆಟ್ಟಗಳ ಅತಿ ಸಮೀಪದಲ್ಲಿ! ಏಕಲದಿಂದ ನಮಗೆ ಸುಮಾರು 600 ಕಿಲೋಮೀಟರ್, ಮುಂಬಯಿಗೆ ಸುಮಾರು 1500. ಮಕ್ಕಳು ಕೈತಟ್ಟಿದರು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಶಾರ್ಟ್‌ವೇವ್ ಅಲೆ ನೆಲವನ್ನು ಸವರಿಕೊಂಡು ದೂರ ಹೋಗುವುದಿಲ್ಲ. ಅದು ಮೇಲೇರಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ ಬಾಗಿ, ಚೆಂಡಿನಂತೆ ದೂರದಲ್ಲಿ ಇಳಿಯುತ್ತದೆ. ಮುಂಬಯಿಗೆಂದು ಎಸೆದ ಚೆಂಡು ನಮ್ಮ ತಲೆಯ ಮೇಲೆಯೇ ಹಾರಿ ಹೋಗಬಹುದು. ದಾರಿಯಲ್ಲಿದ್ದೇವೆಂಬ ಕಾರಣಕ್ಕೆ ಮಾತು ನಮಗಾಗಿ ಎಂದಲ್ಲ. ಗಡಿನಾಡಿನಲ್ಲಿ ಬಾಳುವವರಿಗೆ ಈ ಅನುಭವವನ್ನು ವಿವರಿಸಬೇಕಾಗಿಲ್ಲ. ಎರಡು ದೊಡ್ಡ ಊರುಗಳ ನಡುವೆ ನಮ್ಮ ತಲೆಯ ಮೇಲಿಂದ ಹಾರಿಹೋದ ಮಾತುಗಳು ಎಷ್ಟೋ!

ಪರದೇಶವೆಂಬುದೂ ನೋಡುವವನ ನೆಲೆಯನ್ನು ಅವಲಂಬಿಸಿದೆ. 1990ರ ದಶಕದಲ್ಲಿ ಬೆಂಗಳೂರಿನ ಉತ್ತರಕ್ಕೆ ಆಕಾಶವಾಣಿಯು ತಲಾ 500 ಕಿಲೋವ್ಯಾಟ್ ಬಲದ ಶಾರ್ಟ್‌ವೇವ್ ಪ್ರಸಾರಯಂತ್ರಗಳನ್ನು ನಿಲ್ಲಿಸಿತು. ಆಫ್ರಿಕದ ಯಾವನೋ ಉಪಾಧ್ಯಾಯನು ಅದರ ಗೋಪುರಗಳ ನೆರಳನ್ನು ಅಳೆಯುತ್ತ, ‘ಈ ಪರದೇಶದವರು ಯಾರ ಕಡೆಗೆ ಮಾತನಾಡುತ್ತಿದ್ದಾರೆ?’ ಎಂದು ತನ್ನ ಮಕ್ಕಳನ್ನು ಕೇಳುತ್ತಿರಬಹುದು. ಅವನಿಗೆ ನಾವೇ ದೂರದ ದನಿ.

ಇನ್ನು ಈ ವಿದ್ಯೆಯ ಮಿತಿಯನ್ನೂ ಹೇಳಬೇಕು. ಈಗಿನ ಉತ್ತಮ ಉಪಗ್ರಹ ಚಿತ್ರಗಳಲ್ಲಿ ಒಂದಡಿಯಷ್ಟು ಅಗಲದ ವಸ್ತು ತೋರಿದರೂ ಬೆರಳಿಗಿಂತ ತೆಳುವಾದ ತಂತಿ ಸಾಮಾನ್ಯವಾಗಿ ತೋರದು. ಗೋಪುರವಿದೆಯೆಂದ ಮಾತ್ರಕ್ಕೆ ಅದು ನುಡಿಯುತ್ತಿದೆಯೆಂದೂ ಹೇಳಲಾಗದು. ನಮ್ಮ ನೆರೆಯ ನೀಲಗಿರಿಯಲ್ಲಿ, ಉದಕಮಂಡಲದ ಬಳಿಯ ಮುತ್ತೋರೈಯಲ್ಲಿ, 1970ರಲ್ಲಿ ಕಾರ್ಯಾರಂಭ ಮಾಡಿದ ಒಂದು ರಚನೆಯಿದೆ: 530 ಮೀಟರ್ ಉದ್ದ, 30 ಮೀಟರ್ ಅಗಲ, ಬೆಟ್ಟದ ಇಳಿಜಾರಿನಲ್ಲಿ ಉತ್ತರ ದಕ್ಷಿಣವಾಗಿ ಒರಗಿ ನಿಂತಿದೆ. ಮೇಲಿನಿಂದ ನೋಡಿದ ಹೊಸಬನು ಅದನ್ನು ಭಾರಿ ಪ್ರಸಾರ ನಿಲಯವೆಂದೇ ಬಗೆಯುವನು. ಅದು ಒಂದು ಮಾತನ್ನೂ ಆಡುವುದಿಲ್ಲ. ನಕ್ಷತ್ರಲೋಕದಿಂದ ಬರುವ ರೇಡಿಯೋ ಅಲೆಗಳನ್ನು ಕೇಳುವ ದೂರದರ್ಶಕ ಅದು, ಬಾಯಿಯಲ್ಲ, ಕಿವಿ. ಬಾಯಿಯೋ ಕಿವಿಯೋ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ದೊಡ್ಡ ವಿದ್ಯುತ್ ತಂತಿಗಳು, ಪರಿವರ್ತಕಗಳು, ಯಂತ್ರವನ್ನು ತಣಿಸುವ ಏರ್ಪಾಡು ಇವೆಯೇ ಎಂದು ಹುಡುಕಬೇಕು. ನುಡಿಯುವುದಕ್ಕೆ ಬಹಳ ಶಕ್ತಿ ಬೇಕು. ಕೇಳುವುದಕ್ಕೆ ತಾಳ್ಮೆ ಸಾಕು. ಮಕ್ಕಳಿಗೆ ಇನ್ನೊಂದು ಮಾತು: ಎಲ್ಲರಿಗೂ ತೆರೆದಿಟ್ಟ ಚಿತ್ರಗಳನ್ನು ನೋಡಿ ಕಲಿಯುವುದು ಬೇರೆ, ಅಪ್ಪಣೆಯಿಲ್ಲದೆ ಡ್ರೋನ್ ಹಾರಿಸಿ ನಿಷಿದ್ಧ ಸ್ಥಳಗಳನ್ನು ಚಿತ್ರಿಸುವುದು ಬೇರೆ. ಎರಡನೆಯದು ಅಪರಾಧ.

ಕಣ್ಣಿಗಿಂತ ಮೊದಲು ಕಿವಿಯೇ ಎಚ್ಚೆತ್ತ ಒಂದು ಪ್ರಸಂಗವನ್ನು ಹೇಳುತ್ತೇವೆ. 1976ರಲ್ಲಿ ಲೋಕದಾದ್ಯಂತ ಶಾರ್ಟ್‌ವೇವ್ ಕೇಳುಗರಿಗೆ ಸೆಕೆಂಡಿಗೆ ಹತ್ತರಂತೆ ‘ಟಕ ಟಕ ಟಕ’ ಎಂಬ ಸದ್ದು ಕಾಡತೊಡಗಿತು. ನಮ್ಮ ಕಾಡಿನಲ್ಲಿ ಮರಕುಟಿಗ ಕುಟ್ಟುವಂತೆಯೇ. ಅವರೂ ಅದಕ್ಕೆ ಮರಕುಟಿಗನೆಂದೇ ಹೆಸರಿಟ್ಟರು. ಬೇರೆ ಬೇರೆ ಊರುಗಳ ಕೇಳುಗರು ಸದ್ದು ಬರುವ ದಿಕ್ಕನ್ನು ಗುರುತಿಸಿದಾಗ ಗೆರೆಗಳು ಸೋವಿಯತ್ ದೇಶದೊಳಗೆ ಕೂಡಿದವು. ಚೆರ್ನೋಬಿಲ್ ಬಳಿಯ ಕಾಡಿನಲ್ಲಿ ಸುಮಾರು 150 ಮೀಟರ್ ಎತ್ತರದ ತಂತಿಯ ಗೋಡೆಯೊಂದು ನಿಂತಿತ್ತು. ದಿಗಂತದಾಚೆಯ ಕ್ಷಿಪಣಿಗಳನ್ನು ಕಾಯುವ ‘ದುಗಾ’ ಎಂಬ ರಾಡಾರಿನ ಕಿವಿ ಅದು. ಕುಟ್ಟುತ್ತಿದ್ದ ಬಾಯಿ ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಬೇರೆಯಾಗಿತ್ತು. 1989ರಲ್ಲಿ ಕುಟ್ಟುವುದು ನಿಂತಿತು. ಚೆರ್ನೋಬಿಲ್ಲಿನ ಆ ಗೋಡೆಯ ನೆರಳು ಮಾತ್ರ ಈಗಿನ ಚಿತ್ರಗಳಲ್ಲಿಯೂ ಹಿಮದ ಮೇಲೆ ಉದ್ದವಾಗಿ ಬಿದ್ದಿರುವುದನ್ನು ಕಾಣಬಹುದು.

ಮಹನೀಯರೇ, ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಈಗ ಬಂದೆವು. ಆಕಾಶದ ಚಿತ್ರವು ನಿಲಯದ ಉದ್ದೇಶವನ್ನು ಹೇಳುತ್ತದೆ, ಫಲವನ್ನು ಹೇಳಲಾರದು. ಗೋಪುರ ಎಷ್ಟು ಎತ್ತರ, ಯಾವ ದಿಕ್ಕಿಗೆ, ಯಾವ ಅಲೆ, ಇಷ್ಟು ಸಿಗುತ್ತದೆ. ಆ ಮಾತು ಯಾರಿಗಾದರೂ ಕೇಳಿಸಿತೆ? ಇದಕ್ಕೆ ಉತ್ತರ ಗೋಪುರದ ಬುಡದಲ್ಲಿಲ್ಲ. ಅಷ್ಟೆಲ್ಲ ಯಂತ್ರಜ್ಞರನ್ನು ಇಟ್ಟುಕೊಂಡಿದ್ದ ಪರದೇಶದ ನಿಲಯಗಳೂ ಇದನ್ನು ತಿಳಿಯಲು ದೂರದ ಹಳ್ಳಿಯ ಕೇಳುಗನ ಅಂಚೆಕಾರ್ಡಿಗೆ ಕಾಯುತ್ತಿದ್ದವು. ಇಂಥ ದಿನ, ಇಂಥ ಹೊತ್ತು, ಇಂಥ ಅಲೆಯಲ್ಲಿ ನಿಮ್ಮ ದನಿ ಕೇಳಿಸಿತು. ಬಲ ಇಷ್ಟು, ಅಡಚಣೆ ಇಷ್ಟು ಎಂದು ಒಂದರಿಂದ ಐದರವರೆಗಿನ ಅಂಕಿಗಳಲ್ಲಿ ಅವನು ಬರೆದು ಕಳುಹಿಸಿದರೆ, ಅವರು ಬಣ್ಣದ ಕಾರ್ಡಿನಲ್ಲಿ ವಂದನೆ ತಿಳಿಸುತ್ತಿದ್ದರು. ನಿಲಯದ ಬಲವನ್ನು ಅಳೆಯುವುದು ಅದರ ಅಂಚಿನಲ್ಲಿ. ಅಂಚಿನ ಕೇಳುಗನೇ ಅದರ ಅಳತೆಗೋಲು.

ನಾವು ಕನ್ನಡದ ಅಂಚಿನ ಕೇಳುಗರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಹರವನ್ನು ಎರಡು ನದಿಗಳಿಂದ ಅಳೆಯಿತು. ಇಂದು ಅದನ್ನು ಅಳೆಯಬೇಕಾದವರು ನಮ್ಮಂಥವರು. ಮೇಲಿನಿಂದ ನೋಡಿದರೆ ನಮ್ಮ ಬೆಟ್ಟಗಳಿಗೂ ಚಾಮರಾಜನಗರದ ಹೊಲಗಳಿಗೂ ನಡುವೆ ಗೆರೆಯಿಲ್ಲ ಎಂದು ಕೆಲವರು ಸಂತೋಷಪಡುತ್ತಾರೆ. ನಾವು ಅಷ್ಟಕ್ಕೆ ತೃಪ್ತರಾಗಲಾರೆವು. ಗೆರೆ ಚಿತ್ರದಲ್ಲಿ ಕಾಣದಿದ್ದರೂ ಅರ್ಜಿಯ ನಮೂನೆಯಲ್ಲಿ, ಬಸ್ಸಿನ ಫಲಕದಲ್ಲಿ, ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂದು ತಾಯಿತಂದೆಗಳು ರಾತ್ರಿ ನಡೆಸುವ ಚರ್ಚೆಯಲ್ಲಿ ಇದ್ದೇ ಇದೆ. ನಿಂತ ವಸ್ತುವಿಗೆ ನೆರಳುಂಟು; ನುಡಿಗೆ ನೆರಳಿಲ್ಲ. ಯಾವ ಉಪಗ್ರಹವೂ ಈ ಊರಿನ ಎಷ್ಟು ಮನೆಗಳಲ್ಲಿ ಕನ್ನಡ ಮಾತನಾಡುತ್ತಾರೆಂದು ಚಿತ್ರ ತೆಗೆಯಲಾರದು. ತಮಿಳನ್ನು ನಾವು ಪ್ರೀತಿಯಿಂದ ಕಲಿತಿದ್ದೇವೆ, ಮಕ್ಕಳಿಗೂ ಕಲಿಸುತ್ತಿದ್ದೇವೆ. ಮನೆಯ ಮಾತು ಮನೆಯಲ್ಲಿ ಕೇಳಿಸುತ್ತಿರಬೇಕೆಂಬುದಷ್ಟೇ ನಮ್ಮ ಹಂಬಲ.

ದನಿಗಳು ಅಡಗುವ ಕಾಲವಿದು. ಬಿಬಿಸಿಯ ತಮಿಳು ರೇಡಿಯೋ 2017ರಲ್ಲಿಯೂ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರಲ್ಲಿಯೂ ನಿಂತವು. ಅವುಗಳ ಶರೀರವನ್ನಾದರೂ ಹಳೆಯ ಚಿತ್ರಗಳಲ್ಲಿ ನೋಡಬಹುದು. ಅವನ್ನು ಕೇಳಿದವರ ನೆನಪು ಮಾತ್ರ ಯಾವ ಚಿತ್ರದಲ್ಲಿಯೂ ಇಲ್ಲ; ಅದು ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಲ್ಲಿದೆ. ಆದುದರಿಂದ ಸಂಘದ ಮುಂದೆ ನಮ್ಮದೊಂದು ಕೋರಿಕೆ. ಒಂದು ದಪ್ಪನೆಯ ಪುಸ್ತಕವನ್ನು ತರಿಸಿ ‘ಕೇಳಿಕೆಯ ಪುಸ್ತಕ’ ಎಂದು ಹೆಸರಿಡೋಣ. ಯಾರ ಮನೆಯಲ್ಲಿ, ಯಾವ ವರ್ಷದಲ್ಲಿ, ಯಾವ ನಿಲಯದ ಯಾವ ಕಾರ್ಯಕ್ರಮ ಕೇಳಿಸುತ್ತಿತ್ತು, ಯಾರು ಯಾರು ಕೂಡಿ ಕೇಳುತ್ತಿದ್ದರು ಎಂಬುದನ್ನು ಅಜ್ಜ ಅಜ್ಜಿಯರಿಂದ ಕೇಳಿ ಮಕ್ಕಳು ಕನ್ನಡದಲ್ಲಿ ಬರೆಯಲಿ. ಅದರ ಎದುರಿನ ಪುಟದಲ್ಲಿ ಆ ನಿಲಯದ ಆಕಾಶಚಿತ್ರವನ್ನು ಅಂಟಿಸಲಿ. ಬಾಯಿಯ ಚಿತ್ರ ಒಂದು ಕಡೆ, ಕಿವಿಯ ಸಾಕ್ಷ್ಯ ಇನ್ನೊಂದು ಕಡೆ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಹತ್ತು ಪುಟ ತುಂಬಿದರೂ ಸಾರ್ಥಕ.

ಅಂದು ಪ್ರಶ್ನೆ ಕೇಳಿದ ಹುಡುಗನಿಗೆ ನಾವು ಉತ್ತರ ಹೇಳಿದ್ದೇವೆ: “ಅಪ್ಪಾ, ವಾಣಿಗೆ ಎರಡು ಶರೀರ. ಒಂದು ನುಡಿಯುವವನದು, ಇನ್ನೊಂದು ಕೇಳುವವನದು. ಮೊದಲನೆಯದನ್ನು ಆಕಾಶದಿಂದ ನೋಡಬಹುದು. ಎರಡನೆಯದು ನೀನೇ.” ಅವನು ಮೊದಲ ಪುಟವನ್ನು ಬರೆಯಲು ಒಪ್ಪಿಕೊಂಡಿದ್ದಾನೆ. ಅವನ ಅಜ್ಜಿಗೆ ಸಿಲೋನಿನ ಹಾಡುಗಳು ಇನ್ನೂ ಬಾಯಿಪಾಠವಾಗಿವೆಯಂತೆ.